ನಿಮ್ಮ ಹುಲ್ಲುಗಾವಲಿನಲ್ಲಿ ಹಸು ಎಲ್ಲಿ?

ಸೋಮವಾರಪೇಟೆಯಿಂದ ಲೇಖನ ಕಳುಹಿಸಿದ ಬರಹಗಾರರಿಗೆ ನಮಸ್ಕಾರ.

ನಿಮ್ಮ ‘ಗಾಳಿಯಿಂದ ಗೊಬ್ಬರ’ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾರೆ. ನ್ಯೂಜಿಲೆಂಡಿನ ಹೈನುಗಾರರು ಹುಲ್ಲಿನ ನಡುವೆ ಬಿಳಿ ಕ್ಲೋವರ್ ಎಂಬ, ಗಾಳಿಯ ಸಾರಜನಕ ಹಿಡಿಯುವ ದ್ವಿದಳ ಮೇವಿನ ಗಿಡ ಬೆಳೆಸಿ ಗೊಬ್ಬರ ಉಳಿಸುವ ಬಗೆಯನ್ನು ಕೊಡಗಿನ ಓದುಗರಿಗೆ ತಿಳಿಸಹೊರಟಿದ್ದೀರಿ. ವಿಷಯ ಒಳ್ಳೆಯದೇ. ಆದರೆ ಮೊದಲ ಎರಡು ಪುಟ ಪ್ರಕೃತಿ ಮಾತೆಯ ಸ್ತುತಿಗೇ ಸಂದಿದೆ, ಕಿತ್ತುಹಾಕಿ. ಕ್ಲೋವರ್ ಕಾಣಿಸುವುದು ಮೂರನೇ ಪುಟದಲ್ಲಿ. ಹಸುವಂತೂ ಬರುವುದೇ ಇಲ್ಲ.

ಇದು ಸಣ್ಣ ಲೋಪವಲ್ಲ. ‘ಕ್ಲೋವರ್ ತನ್ನ ಬೇರಿನಿಂದ ಪಕ್ಕದ ಹುಲ್ಲಿಗೆ ಸಾರಜನಕ ಉಣಿಸುತ್ತದೆ’ ಎಂದಿದ್ದೀರಿ. ಬೇರುಗಂಟಿನಲ್ಲಿ ನೆಲೆಸಿದ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿದುಕೊಟ್ಟ ಸಾರಜನಕವನ್ನು ಗಿಡ ಬಹುಪಾಲು ತಾನೇ ಬಳಸಿಕೊಳ್ಳುತ್ತದೆ. ಹುಲ್ಲಿಗೆ ಅದು ಮುಖ್ಯವಾಗಿ ದಕ್ಕುವುದು ಬೇರು, ಗಂಟು, ಎಲೆ ಕೊಳೆತಾಗ, ಇಲ್ಲವೇ ಹಸುವಿನ ಹೊಟ್ಟೆಯ ಮೂಲಕ. ಮೇಯುವ ಹಸು ತಿಂದ ಸಾರಜನಕದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಸಗಣಿ, ಗಂಜಲದಲ್ಲಿ ಹೊರಹಾಕುತ್ತದೆ. ಗಂಜಲ ಬಿದ್ದ ಅಷ್ಟು ಜಾಗದ ಮಟ್ಟಿಗೆ ಅದು ಹೆಕ್ಟೇರಿಗೆ 500ರಿಂದ 1,000 ಕಿಲೋ ಸಾರಜನಕ ಸುರಿದುದಕ್ಕೆ ಸಮ. ಅಲ್ಲಿ ಹುಲ್ಲು ಸೊಕ್ಕಿ ಬೆಳೆದು ಕ್ಲೋವರ್ ಮೇಲೆ ನೆರಳು ಹಾಸುತ್ತದೆ. ಗಾಳಿಯ ಸಾರಜನಕ ಹಿಡಿಯಲು ಗಿಡ ತನ್ನ ಸಕ್ಕರೆ ಖರ್ಚು ಮಾಡಬೇಕು. ಮಣ್ಣಿನಲ್ಲೇ ನೈಟ್ರೇಟ್, ಅಂದರೆ ಬೇರು ನೇರ ಹೀರಬಲ್ಲ ಸಾರಜನಕ, ಇರುವಾಗ ಆ ಖರ್ಚನ್ನು ತಗ್ಗಿಸುತ್ತದೆ. ಮಣ್ಣು ಬಡವಾದ ಕಡೆ ಮತ್ತೆ ಕ್ಲೋವರ್ ಕೈ ಮೇಲಾಗುತ್ತದೆ. ಈ ಎಳೆದಾಟವೇ ನಿಮ್ಮ ಲೇಖನ. ನೀವೋ ಬೇಲಿಯ ಹೊರಗೆ ನಿಂತು ಚಪ್ಪಾಳೆ ತಟ್ಟಿದ್ದೀರಿ. ಯೂರಿಯಾವನ್ನೂ ಧಾರಾಳವಾಗಿ ಹಾಕಿ ಎರಡರ ಲಾಭವನ್ನೂ ಪಡೆಯಬಹುದೆಂಬ ನಿಮ್ಮ ಸಲಹೆ ನಿಲ್ಲದಿರುವುದೂ ಇದೇ ಕಾರಣಕ್ಕೆ.

‘ಕೊಡಗಿನ ಮನೆಮನೆಯಲ್ಲೂ ಕ್ಲೋವರ್ ನಳನಳಿಸಲಿ’ ಎಂಬ ಕರೆ ಬೇಡ. ಅದು ತಂಪು ಹವೆಯ ಗಿಡ. ನಮ್ಮ ಓದುಗರಿಗೆ ಗೊತ್ತಿರುವುದು ಕಾಫಿ ತೋಟದ ಹಾಲುವಾಣ. ಅದೂ ಬೇರುಗಂಟಿನ ಮರವೇ; ಅದರ ಸೊಪ್ಪು ಸವರಿ ಕಾಫಿ ಬುಡಕ್ಕೆ ಹಾಕಿದಾಗ ಸಾರಜನಕ ಸಿಗುವುದೂ ಕೊಳೆತ ಮೇಲೆಯೇ. ಅಲ್ಲಿಂದ ಹಿಡಿದರೆ ಬೆಳೆಗಾರನಿಗೆ ನ್ಯೂಜಿಲೆಂಡ್ ಅಷ್ಟು ದೂರವಲ್ಲ.

ಇಡೀ ಬರಹದಲ್ಲಿ ನೀವು ಕಣ್ಣಾರೆ ಕಂಡದ್ದು ಒಂದೇ ಕಡೆ: ರಸ್ತೆಬದಿಯ ನಾಚಿಕೆ ಮುಳ್ಳನ್ನು ಕಿತ್ತು, ಬೇರುಗಂಟನ್ನು ಉಗುರಿನಿಂದ ಸೀಳಿ, ಒಳಗೆ ಗುಲಾಬಿ ಬಣ್ಣ ನೋಡಿದ್ದು. ಅದಕ್ಕೆ ‘ದೈವಲೀಲೆ’ ಎಂದು ಹೆಸರಿಟ್ಟು ಮುಂದೆ ಹೋಗಿದ್ದೀರಿ! ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಕೆಂಪಿನ ಬಂಧು. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ, ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕವೇ ಬೇಕು; ಎರಡನ್ನೂ ಸರಿದೂಗಿಸುವುದು ಆ ಬಣ್ಣದ ವಸ್ತು. ಲೇಖನವನ್ನು ಅಲ್ಲಿಂದಲೇ ಶುರುಮಾಡಿ.

ಎಂಟುನೂರು ಪದ ಸಾಕು. ಸೀಳಿದ ಗಂಟಿನ ಫೋಟೋ ಇದ್ದರೆ ಕಳುಹಿಸಿ, ಸೂರ್ಯಾಸ್ತದ್ದು ಬೇಡ.

— ಸಂಪಾದಕ