ಗೆರೆಯ ಕೆಳಗೆ ಎಷ್ಟು ಜನ, ಎಷ್ಟು ಆಳದಲ್ಲಿ?

ಪತ್ರ ಬರೆದ ಓದುಗರಿಗೆ ನಮಸ್ಕಾರ.

2025ರ ಜೂನ್‌ನಲ್ಲಿ ವಿಶ್ವ ಬ್ಯಾಂಕ್ ಕಡುಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸಿದ್ದನ್ನು ನಾವು ಪ್ರಕಟಿಸಿದ್ದೆವು. ಅದನ್ನು ಓದಿ ನೀವು ಕೇಳಿದ್ದೀರಿ: "ಹಿಂದಿನ ದಿನ ಬಡವರಲ್ಲದ 12 ಕೋಟಿ ಜನ ಮರುದಿನ ಬಡವರಾದರು. ಆ ರಾತ್ರಿ ಯಾರ ಬದುಕೂ ಬದಲಾಗಿರಲಿಲ್ಲ. ಹೀಗೆ ಹಿಗ್ಗಿಸಿ ಕುಗ್ಗಿಸಬಹುದಾದ ಲೆಕ್ಕವನ್ನು ಸರ್ಕಾರಗಳು ಇಟ್ಟುಕೊಳ್ಳುವುದಾದರೂ ಏಕೆ, ನೀವು ಅಚ್ಚು ಹಾಕುವುದಾದರೂ ಏಕೆ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಗೆರೆ ಕದಲಿದ್ದರ ಮೇಲೆ ಬೀಳಬೇಕಿಲ್ಲ ಎಂದು ನನಗನ್ನಿಸುತ್ತದೆ.

ಬಡತನ ರೇಖೆ ಮೊದಲೇ ಎಲ್ಲೋ ಇದ್ದು, ಯಾರೋ ಪತ್ತೆ ಹಚ್ಚಿದ್ದಲ್ಲ. ಮನುಷ್ಯರು ಕೂತು ತೀರ್ಮಾನಿಸಿದ್ದು. 1899ರಲ್ಲಿ ಸಮಾಜ ಸಂಶೋಧಕ ಸೀಬಾಮ್ ರೌನ್‌ಟ್ರೀ ಇಂಗ್ಲೆಂಡಿನ ಯಾರ್ಕ್ ನಗರದ 11,560 ಕಾರ್ಮಿಕ ಕುಟುಂಬಗಳ ಸಮೀಕ್ಷೆ ಮಾಡಿಸಿದರು. ದೇಹದ ಕಸುವು ಉಳಿಯಲು ಬೇಕಾದ ಆಹಾರ, ಬಾಡಿಗೆ, ಬಟ್ಟೆ, ಉರುವಲು ಮುಂತಾದವುಗಳ ಕನಿಷ್ಠ ಖರ್ಚು ಕೂಡಿಸಿ ಗೆರೆ ಎಳೆದರು. ಆ ಗೆರೆಯ ಮೇಲೆ ಬದುಕುವುದೆಂದರೆ ಏನೆಂದು ಅವರೇ ಬಿಡಿಸಿ ಹೇಳಿದ್ದಾರೆ: ಆ ಕುಟುಂಬ ರೈಲು ಹತ್ತುವಂತಿಲ್ಲ, ಪತ್ರಿಕೆ ಕೊಳ್ಳುವಂತಿಲ್ಲ, ದೂರವಿರುವ ಮಕ್ಕಳಿಗೆ ಕಾಗದ ಬರೆಯುವಂತಿಲ್ಲ, ಅಂಚೆಗೆ ಅದರಲ್ಲಿ ಕಾಸಿಲ್ಲ. ಇಷ್ಟು ಕೆಳಗೆ ಎಳೆದರೂ ನಗರದ ಸುಮಾರು ಹತ್ತರಲ್ಲೊಬ್ಬರು ಅದಕ್ಕೂ ಕೆಳಗಿದ್ದರು. ಆ ಅಂಚೆ ಕಾಸಿನ ಮಾತು ನನ್ನನ್ನು ಬಿಟ್ಟಿಲ್ಲ. ಮಗನಿಗೆ ಕಾಗದ ಹಾಕಲಾಗದ ತಾಯಿ ಆ ಲೆಕ್ಕದಲ್ಲಿ ಗೆರೆಯ ಮೇಲೇ ಉಳಿಯುತ್ತಾಳೆ.

ಗೆರೆಯನ್ನು ಕದಲಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. 1960ರ ದಶಕದಲ್ಲಿ ಅಲ್ಲಿನ ಸರ್ಕಾರದ ಅರ್ಥಶಾಸ್ತ್ರಜ್ಞೆ ಮಾಲಿ ಒರ್ಶಾನ್‌ಸ್ಕಿ ಅತಿ ಮಿತವ್ಯಯದ ಊಟದ ಖರ್ಚನ್ನು ಮೂರರಿಂದ ಗುಣಿಸಿ ರೇಖೆ ಕಟ್ಟಿದರು. 1955ರ ಸಮೀಕ್ಷೆಯಂತೆ ಕುಟುಂಬಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಊಟಕ್ಕೆ ಹೋಗುತ್ತಿತ್ತು. ಅಲ್ಲಿನ ಅಧಿಕೃತ ರೇಖೆಯ ಬುಡ ಇಂದಿಗೂ ಅದೇ. ಬೆಲೆ ಏರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸುತ್ತಾರೆ, ಅಷ್ಟೆ. ಊಟದ ಪಾಲು ಕುಗ್ಗಿ ಮನೆ, ಚಿಕಿತ್ಸೆ, ಮಕ್ಕಳ ಪಾಲನೆಯ ಪಾಲು ಬೆಳೆದದ್ದು ಆ ಲೆಕ್ಕಕ್ಕೆ ಬಂದೇ ಇಲ್ಲ. ವಿಶ್ವ ಬ್ಯಾಂಕಿನ ರೇಖೆ ಅತಿ ಬಡ ದೇಶಗಳು ತಮಗಾಗಿ ಹಾಕಿಕೊಂಡ ರೇಖೆಗಳನ್ನು ಆಧರಿಸಿದ್ದು. ಆ ದೇಶಗಳೇ ತಮ್ಮ ಅಳತೆಯನ್ನು ಎತ್ತರಿಸಿದಾಗ ಅದೂ ಏರಬೇಕು. ಆ 12 ಕೋಟಿ ಜನ ಹಿಂದಿನ ದಿನವೂ ಕಷ್ಟದಲ್ಲೇ ಇದ್ದರು, ಲೆಕ್ಕದಲ್ಲಿ ಇರಲಿಲ್ಲ.

ನನ್ನನ್ನು ನಿಜಕ್ಕೂ ಕಾಡುವುದು ಬೇರೆ. ಗೆರೆ ಎಲ್ಲೇ ಇರಲಿ, ಅದರ ಕೆಳಗಿನ ತಲೆಗಳನ್ನು ಎಣಿಸಿ ಸುಮ್ಮನಾಗುತ್ತೇವೆ. ರೇಖೆ 100 ಎಂದಿಟ್ಟುಕೊಳ್ಳಿ. ಐವರ ಗಳಿಕೆ ತಲಾ 95, ಆರನೆಯವಳದ್ದು 20. ಸರ್ಕಾರದ ಕೈಯಲ್ಲಿ 25 ಇದೆ. ಐವರಿಗೆ ಐದೈದು ಹಂಚಿದರೆ ಬಡವರ ಸಂಖ್ಯೆ ಆರರಿಂದ ಒಂದಕ್ಕೆ ಇಳಿಯುತ್ತದೆ, ಭಾಷಣಕ್ಕೆ ಒಳ್ಳೆಯ ಅಂಕಿ. ಇಪ್ಪತ್ತರವಳಿಗೇ ಅಷ್ಟನ್ನೂ ಕೊಟ್ಟರೆ ಅವಳ ಗಳಿಕೆ 45 ಆಗುತ್ತದೆ, ಹಸಿವು ಸಾಕಷ್ಟು ತಗ್ಗಬಹುದು, ಸಂಖ್ಯೆ ಮಾತ್ರ ಆರರಲ್ಲೇ ನಿಲ್ಲುತ್ತದೆ. ಅವಳಿಂದಲೇ ಐದು ಕಿತ್ತು 95ರವರಲ್ಲಿ ಒಬ್ಬರಿಗೆ ಕೊಟ್ಟರಂತೂ ಬಡತನ 'ಇಳಿಯುತ್ತದೆ'! ಅಮರ್ತ್ಯ ಸೇನ್ 1976ರಲ್ಲಿ ಎತ್ತಿದ ಆಕ್ಷೇಪ ಇದೇ. ಗೆರೆಯಿಂದ ಎಷ್ಟು ಕೆಳಗಿದ್ದಾರೆ, ಕೆಳಗಿರುವವರ ನಡುವೆ ಎಷ್ಟು ಅಂತರ ಎಂಬುದೂ ಲೆಕ್ಕಕ್ಕೆ ಬರಬೇಕೆಂದರು. ಬಡತನದ ಆಳವನ್ನು ಅಳೆಯುವ ಸೂತ್ರಗಳು ದಶಕಗಳಿಂದಲೂ ಅರ್ಥಶಾಸ್ತ್ರಜ್ಞರ ಬಳಿ ಇವೆ. ಆದರೂ ಸುದ್ದಿಯಾಗುವುದು ತಲೆ ಎಣಿಕೆ.

ಹಣವನ್ನೇ ನೋಡದ ಅಳತೆಗಳೂ ಇವೆ. 2010ರಿಂದ ಬರುತ್ತಿರುವ ಬಹು ಆಯಾಮ ಬಡತನ ಸೂಚ್ಯಂಕ ಆರೋಗ್ಯ, ಶಿಕ್ಷಣ, ಜೀವನಮಟ್ಟಗಳ ಹತ್ತು ಸೂಚಕಗಳನ್ನು ನೋಡುತ್ತದೆ. ಒಬ್ಬರಿಗೆ ಎಷ್ಟು ಕೊರತೆಗಳು ಒಟ್ಟಿಗೆ ಎರಗಿವೆ ಎಂಬುದನ್ನೂ ಸೇರಿಸುತ್ತದೆ. ಇದು ನನಗೆ ಮೆಚ್ಚುಗೆ. ಆದರೂ ಬಹುತೇಕ ಎಲ್ಲ ಅಳತೆಗಳೂ ಮನೆಯನ್ನು ಒಂದೇ ಘಟಕ ಎಂದು ಹಿಡಿಯುತ್ತವೆ. ಮನೆಯೊಳಗೆ ಯಾರಿಗೆ ಎಷ್ಟು ಸಿಕ್ಕಿತು, ಕೊನೆಗೆ ಉಂಡವರು ಯಾರು ಎಂಬುದು ತಿಳಿಯುವುದಿಲ್ಲ. ಸಮೀಕ್ಷೆಯವರು ಬಾಗಿಲು ತಟ್ಟುತ್ತಾರೆ. ತಟ್ಟಲು ಬಾಗಿಲೇ ಇಲ್ಲದವರು ಎಷ್ಟೋ ಸಲ ಎಣಿಕೆಗೇ ಸಿಗುವುದಿಲ್ಲ.

ಹಾಗೆಂದು ಎಣಿಸುವುದನ್ನೇ ಬಿಡಬೇಕೆಂಬ ನಿಮ್ಮ ಮಾತನ್ನು ಒಪ್ಪಲಾರೆ. ಎಣಿಕೆ ನಿಂತ ದಿನ ಆ ಆರನೆಯವಳು ಕಡತದಿಂದಲೂ ಮಾಯವಾಗುತ್ತಾಳೆ, ಆಮೇಲೆ ಅವಳ ಪರವಾಗಿ ಕೇಳಲು ನಿಮಗೂ ನನಗೂ ಆಧಾರವಿರುವುದಿಲ್ಲ. ನಮ್ಮ ಲೇಖನದಲ್ಲಿ ತಪ್ಪಾದದ್ದು ಬರೀ ಸಂಖ್ಯೆ ಕೊಟ್ಟು ಮುಗಿಸಿದ್ದು. ಅದನ್ನು ಒಪ್ಪುತ್ತೇನೆ. ಬಡತನದ ಅಂಕಿ ಪ್ರಕಟಿಸುವಾಗಲೆಲ್ಲ ಇನ್ನು ಮುಂದೆ ಅದು ಯಾವ ರೇಖೆಯದು, ಯಾವ ವರ್ಷದ ಬೆಲೆಯದು ಎಂದು ಪಕ್ಕದಲ್ಲೇ ಹಾಕುತ್ತೇವೆ. ಗೆರೆಯ ಕೆಳಗಿನವರು ಸರಾಸರಿ ಎಷ್ಟು ಕೆಳಗಿದ್ದಾರೆ ಎಂಬ ಅಂಕಿ ದೊರೆತರೆ ಅದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ತಪ್ಪಿದರೆ ಮತ್ತೆ ಬರೆಯಿರಿ.

ವಂದನೆಗಳೊಂದಿಗೆ,
ಸಂಪಾದಕ