ಹಾರ್ಟ್ ಅಟ್ಯಾಕ್ ಆದ ಮೇಲೆ ದಾಂಪತ್ಯ: ಹೆದರಬೇಕಾದದ್ದು ಬೇರೆ

ಓದುಗರ ಪತ್ರ: ಯಜಮಾನರಿಗೆ 54 ವರ್ಷ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿ ಮೂರು ತಿಂಗಳಾಯಿತು. ವಾಕಿಂಗ್ ಮಾಡುತ್ತಾರೆ, ಅಂಗಡಿಗೂ ಹೋಗುತ್ತಾರೆ. ಆದರೆ ಏನಾದರೂ ಆಗಿಬಿಟ್ಟೀತೆಂದು ನಾನೇ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೇನೆ. ಅವರು ಯಾರದೋ ಮಾತು ಕೇಳಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದಿಟ್ಟಿದ್ದಾರೆ. ಡಾಕ್ಟರನ್ನು ಕೇಳಲು ಇಬ್ಬರಿಗೂ ನಾಚಿಕೆ.
— ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಸೋದರಿ, ಮೊದಲು ಆ ಮಾತ್ರೆಯ ವಿಚಾರ. ಅದು ನಿಮಿರುವಿಕೆಗೆಂದು ನುಂಗುವ ಸಿಲ್ಡೆನಾಫಿಲ್ ಅಥವಾ ಟಡಾಲಫಿಲ್ ಇರಬೇಕು. ಹೃದ್ರೋಗಿಗಳೆಲ್ಲರಿಗೂ ಅದು ವರ್ಜ್ಯವೇನಲ್ಲ. ಅಪಾಯವಿರುವುದು ಅದು ಕೆಲವು ಔಷಧಿಗಳ ಜೋಡಿಯಾದಾಗ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್, ದಿನಾ ನುಂಗುವ ಐಸೋಸಾರ್ಬೈಡ್ ಮಾನೋನೈಟ್ರೇಟ್ ಇವೆಲ್ಲ ನೈಟ್ರೇಟ್ ಜಾತಿಯವು. ಇವುಗಳ ಜತೆ ಆ ಮಾತ್ರೆ ಸೇರಿದರೆ ರಕ್ತನಾಳಗಳು ಒಮ್ಮೆಲೇ ಸಡಿಲಗೊಂಡು ಬಿಪಿ ಪಾತಾಳಕ್ಕಿಳಿಯುತ್ತದೆ. ನಿಕೊರಾಂಡಿಲ್ ಎಂಬ ಎದೆನೋವಿನ ಮಾತ್ರೆಯ ಜತೆಗೂ ಇದೇ ಕಥೆ. ಸಿಲ್ಡೆನಾಫಿಲ್ ನುಂಗಿದ ಮೇಲೆ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟ್ ಮುಟ್ಟುವಂತಿಲ್ಲ. ‘ಗಿಡಮೂಲಿಕೆಯದ್ದು, ಸೈಡ್ ಎಫೆಕ್ಟ್ ಇಲ್ಲ’ ಎಂದು ಮಾರುವ ಶಕ್ತಿವರ್ಧಕ ಪುಡಿಗಳಲ್ಲೂ ಸಿಲ್ಡೆನಾಫಿಲ್ ಬೆರೆಸಿದ್ದು ಸಿಕ್ಕಿಬಿದ್ದಿದೆ. ಡಾಕ್ಟರು ನೋಡುವ ತನಕ ಆ ಮಾತ್ರೆ ನಿಮ್ಮ ಕೈಯಲ್ಲಿರಲಿ.

ಇನ್ನು ನಿಮ್ಮ ಭಯ. ಮಿಲನಕ್ಕೆ ಬೇಕಾಗುವ ಶ್ರಮ ಸುಮಾರು 3ರಿಂದ 5 ಮೆಟ್ಸ್ (ದೇಹದ ಶ್ರಮ ಅಳೆಯುವ ಮಾನ), ಅಂದರೆ ಎರಡು ಮಹಡಿಯ ಮೆಟ್ಟಿಲನ್ನು ಚುರುಕಾಗಿ ಹತ್ತಿದಷ್ಟು. ಹಾಗಂತ ಈ ಪರೀಕ್ಷೆಯನ್ನು ಮನೆಯ ಮೆಟ್ಟಿಲ ಮೇಲೆ ನೀವೇ ನಡೆಸಲು ಹೋಗಬೇಡಿ. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಆಗಿದ್ದರೆ ವರದಿಯಲ್ಲಿ ‘ಮೆಟ್ಸ್’ ಅಂಕಿ ನೋಡಿ: ಎದೆನೋವು, ಏದುಸಿರು, ಇಸಿಜಿಯಲ್ಲಿ ಏರುಪೇರು ಇಲ್ಲದೆ 5 ದಾಟಿದ್ದರೆ ಹೆದರಲು ಕಾರಣ ತೀರಾ ಕಡಿಮೆ. ತೊಡಕಿಲ್ಲದ ಹಾರ್ಟ್ ಅಟ್ಯಾಕ್ ಆದವರಿಗೆ ಕೆಲವು ವಾರಗಳಲ್ಲೇ ಅನುಮತಿ ಸಿಗುವುದುಂಟು. ನಿಮ್ಮವರಿಗೆ ಮೂರು ತಿಂಗಳೇ ಆಗಿದೆ. ಬೈಪಾಸ್ ಆದವರ ಲೆಕ್ಕ ಬೇರೆ. ಎದೆಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಅಲ್ಲಿಯವರೆಗೆ ಎದೆಯ ಮೇಲೂ ತೋಳಿನ ಮೇಲೂ ಭಾರ ಬೀಳಬಾರದು. ವಿಶ್ರಾಂತಿಯಲ್ಲೇ ಉಬ್ಬಸ ಬರುವವರು, ಬಿಪಿ ಹತೋಟಿಗೆ ಬಾರದವರು ಮೊದಲು ಚಿಕಿತ್ಸೆಯತ್ತ ನೋಡಬೇಕು.

ನೀವು ಬರೆಯದ ಒಂದು ಮಾತು ಆ ಮಾತ್ರೆಯ ಹಿಂದಿದೆ ಎನಿಸುತ್ತದೆ. ನಿಮಿರುವಿಕೆ ಕಡಿಮೆಯಾಗಲು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ ಮಾತ್ರೆ), ನೀರು ಹೋಗಿಸುವ ಕೆಲವು ಮಾತ್ರೆ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಯಾವುದೂ ಕಾರಣವಾಗಬಹುದು. ಬರೀ ಆತಂಕವೂ ಸಾಕು. ಬೆಳಗಿನ ಜಾವ ಸಹಜವಾಗಿ ನಿಮಿರುತ್ತಿದ್ದರೆ ಅನುಮಾನ ಆ ಕಡೆಗೇ ಹೋಗುತ್ತದೆ. ಯಜಮಾನರು ಗುಟ್ಟಾಗಿ ಬೀಟಾ ಬ್ಲಾಕರ್ ನಿಲ್ಲಿಸಿಲ್ಲ ತಾನೆ? ಅದನ್ನು ಥಟ್ಟನೆ ಬಿಟ್ಟರೆ ಎದೆನೋವು ಮರಳಬಹುದು, ಮತ್ತೊಂದು ಅಟ್ಯಾಕ್ ಕೂಡ ಆಗಬಹುದು. ಮಾತ್ರೆ ಬದಲಿಸುವುದು, ಡೋಸ್ ತಗ್ಗಿಸುವುದು ಡಾಕ್ಟರ ಕೆಲಸ.

ಅನುಮತಿ ಸಿಕ್ಕ ಮೇಲೂ ಅವಸರ ಬೇಡ. ಮೊದಲು ಒಂದೇ ಕೋಣೆಗೆ ಬನ್ನಿ, ಅಪ್ಪುಗೆ ಸ್ಪರ್ಶದಲ್ಲೇ ಕೆಲವು ದಿನ ಕಳೆಯಲಿ. ಹೊಟ್ಟೆ ತುಂಬ ಉಂಡಿದ್ದರೆ ಎರಡು ಮೂರು ಗಂಟೆ ಬಿಡಿ. ಕುಡಿದ ದಿನ ಬೇಡವೇ ಬೇಡ. ಮಗ್ಗುಲಾಗಿ ಮಲಗುವುದೋ ನೀವು ಮೇಲಿರುವುದೋ ಅವರಿಗೆ ಹಾಯೆನಿಸಿದರೆ ಹಾಗೇ ಆಗಲಿ. ನಡುವೆ ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ, ಅವರನ್ನು ಕೂರಿಸಿ. ಡಾಕ್ಟರು ಸಾರ್ಬಿಟ್ರೇಟ್ ಬರೆದಿದ್ದು, ಸಿಲ್ಡೆನಾಫಿಲ್, ಟಡಾಲಫಿಲ್ ನುಂಗಿರದಿದ್ದರೆ ಮಾತ್ರ ಅದನ್ನು ನಾಲಿಗೆಯಡಿ ಇಡಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಆ ಮಾತ್ರೆಗಳಲ್ಲಿ ಒಂದನ್ನು ನುಂಗಿದ್ದರೆ ಕಾಯದೆ ಕರೆ ಮಾಡಿ, ಯಾವುದು, ಎಷ್ಟು ಹೊತ್ತಿಗೆ ಎಂದು ಆಂಬುಲೆನ್ಸಿನವರಿಗೆ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಅವರೇ ನೈಟ್ರೇಟ್ ಕೊಟ್ಟುಬಿಡುತ್ತಾರೆ.

ಓಪಿಡಿಯ ಗದ್ದಲದಲ್ಲಿ, ಹಿಂದೆ ನಾಲ್ಕು ಜನ ನಿಂತಿರುವಾಗ ಕೇಳುವುದು ಕಷ್ಟವೇ. ತಾವಾಗಿ ಈ ಮಾತೆತ್ತುವ ಡಾಕ್ಟರುಗಳೂ ಅಪರೂಪ. ಮುಂದಿನ ರಿವ್ಯೂಗೆ ಇಬ್ಬರೂ ಹೋಗಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ, ಗುಟ್ಟಾಗಿ ತಂದದ್ದನ್ನೂ ಸೇರಿಸಿ. ಒಂದು ಚೀಟಿಯಲ್ಲಿ ಹೀಗೆ ಬರೆದು ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಿಕೊಡಿ: ‘ದಾಂಪತ್ಯ ಸಂಬಂಧ ಶುರು ಮಾಡಬಹುದೆ? ಟಿಎಂಟಿ ಬೇಕೆ? ಈ ಮಾತ್ರೆ ಇವರಿಗೆ ಆಗುತ್ತದೆಯೆ?’