ಭಯ ಆದರೆ ವಿಶ್ವಾಸ ಕಮ್ಮಿ ಅಂತಲೇ?

ಪ್ರಶ್ನೆ: ನನಗೆ 36 ವರ್ಷ. ಹೊಸನಗರ ತಾಲ್ಲೂಕಿನ ಹಳ್ಳಿ. ಕಳೆದ ವರ್ಷ ಪುಷ್ಯ ಮಳೆಯಲ್ಲಿ ಸ್ವಲ್ಪ ಹೊಳವು ಕೊಟ್ಟಿತು ಅಂತ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯಲು ಹತ್ತಿದ ನನ್ನ ತಮ್ಮ ಜಾರಿ ಬಿದ್ದ. ಜೀವ ಉಳಿಯಿತು, ಆದರೆ ಈಗಲೂ ಬಗ್ಗಿ ಕೆಲಸ ಮಾಡಲು ಆಗುವುದಿಲ್ಲ. ನನ್ನ ಗಂಡನದ್ದೂ ಅದೇ ಕೆಲಸ. ಈಗ ಹಂಚಿನ ಮೇಲೆ ಮಳೆ ಹನಿ ಬಿದ್ದರೆ ಸಾಕು, ಎದೆ ಡವಡವ ಅನ್ನುತ್ತದೆ, ಕೈ ತಣ್ಣಗಾಗುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ಒಂದು ಭಾನುವಾರ ಪೂಜೆಯ ಮಧ್ಯೆಯೂ ಹೀಗಾಗಿ ಎದ್ದು ಬಂದೆ. ಆಮೇಲೆ ಚರ್ಚಿಗೆ ಹೋಗಿಲ್ಲ, ಮಾತೆ ಮರಿಯಳ ಹುಟ್ಟುಹಬ್ಬ ಮೊಂತಿ ಹಬ್ಬಕ್ಕೂ ಹೋಗಲಿಲ್ಲ. ಪ್ರಾರ್ಥನಾ ಕೂಟದ ಅಕ್ಕ ಒಬ್ಬರು ‘ವಿಶ್ವಾಸ ಇರುವ ಕಡೆ ಭಯ ಇರಲ್ಲ, ನಿನ್ನಲ್ಲೇ ಏನೋ ಕೊರತೆ ಇದೆ’ ಅಂದರು. ಡಾಕ್ಟರ ಹತ್ತಿರ ಹೋದರೆ ದೇವರನ್ನು ನಂಬಲಿಲ್ಲ ಅಂತ ಆಗುತ್ತದಾ?

ಉತ್ತರ: ಇಲ್ಲ, ಆಗುವುದಿಲ್ಲ. ಆ ಅಕ್ಕ ಕೆಟ್ಟವರೇನಲ್ಲ, ನಿಮಗೆ ಒಳ್ಳೆಯದಾಗಲಿ ಅಂತಲೇ ಹೇಳಿರುತ್ತಾರೆ. ಆದರೆ ಹೇಳಿದ್ದು ತಪ್ಪು. ಅವರ ಮನಸ್ಸಿನಲ್ಲಿ ಇದ್ದದ್ದು ಯೊವಾನ್ನನ ಮೊದಲ ಪತ್ರದ ಮಾತಿರಬೇಕು, ಪರಿಪೂರ್ಣ ಪ್ರೀತಿ ಭಯವನ್ನು ಓಡಿಸುತ್ತದೆ ಅನ್ನೋದು. ನಾಲ್ಕನೇ ಅಧ್ಯಾಯ ತೆಗೆದು ಅದರ ಹಿಂದಿನ ಸಾಲನ್ನೂ ಓದಿ. ಅಲ್ಲಿ ಮಾತು ನಡೆಯುತ್ತಿರುವುದು ನ್ಯಾಯತೀರ್ಪಿನ ದಿನದ ಬಗ್ಗೆ, ದೇವರು ಶಿಕ್ಷೆ ಕೊಡುತ್ತಾನೆ ಅನ್ನುವ ಭಯದ ಬಗ್ಗೆ. ತಮ್ಮ ಬಿದ್ದದ್ದನ್ನು ಕಂಡವಳಿಗೆ ಮಳೆ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನೀವು ಮಂಗಳವಾರ, ಶುಕ್ರವಾರ ಜಪಮಾಲೆ ಹಿಡಿದರೆ ಯೇಸು ಸ್ವಾಮಿ ಪಟ್ಟ ಪಾಡನ್ನು ನೆನೆಯುವ ದುಃಖದ ರಹಸ್ಯಗಳನ್ನು ಹೇಳುತ್ತೀರಿ ಅಲ್ವಾ? ಮೊದಲನೆಯದೇ ಗೆತ್ಸೆಮನಿ ತೋಟ. ಅಲ್ಲಿ ಯೇಸು ಸ್ವಾಮಿ ಸುಮ್ನೆ ಶಾಂತವಾಗಿ ಕೂತಿರಲಿಲ್ಲ. ದಿಗಿಲುಬಿದ್ದ, ಸಾಯುವಷ್ಟು ದುಃಖವಾಗಿದೆ ಅಂದ ಅಂತ ಮಾರ್ಕ ಬರೆದಿದ್ದಾನೆ. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತಿತ್ತು ಅಂತ ಲೂಕ ಹೇಳುತ್ತಾನೆ. ಈ ಕಷ್ಟ ನನಗೆ ಬೇಡ, ತಪ್ಪಿಸು ಅಂತ ತಂದೆಯನ್ನು ಮತ್ತೆ ಮತ್ತೆ ಕೇಳಿದ. ಜೊತೆಗಿದ್ದ ಮೂವರು ಶಿಷ್ಯರನ್ನು ‘ಇಲ್ಲೇ ಇರಿ, ಎಚ್ಚರವಾಗಿರಿ’ ಅಂತ ಬೇಡಿಕೊಂಡ, ಅವರು ನಿದ್ದೆ ಹೋದರು. ಸ್ವಾಮಿಗೇ ಅಷ್ಟು ಭಯ ಆಯಿತು ಅಂದಮೇಲೆ ನಿಮಗಾದರೆ ಅದು ಪಾಪ ಹೇಗಾಗುತ್ತದೆ? ಇದನ್ನು ಪಾಪನಿವೇದನೆಯಲ್ಲಿ ಹೇಳಿ ಕ್ಷಮೆ ಕೇಳುವ ಅಗತ್ಯವೂ ನನಗೆ ಕಾಣುವುದಿಲ್ಲ.

ಪೇತ್ರ ನೀರಿನ ಮೇಲೆ ನಡೆಯಲು ಹೋಗಿ ಗಾಳಿ ನೋಡಿ ಹೆದರಿ ಮುಳುಗಿದನಲ್ಲ, ಅದನ್ನೂ ಕೂಟಗಳಲ್ಲಿ ಜಾಸ್ತಿ ಹೇಳುತ್ತಾರೆ. ‘ಅಲ್ಪ ವಿಶ್ವಾಸಿಯೇ’ ಅಂತ ಯೇಸು ಕೇಳಿದ್ದು ನಿಜ. ಆದರೆ ಮೊದಲು ಕೈ ಚಾಚಿ ಹಿಡಿದುಕೊಂಡ, ಆಮೇಲೆ ಕೇಳಿದ. ನಮ್ಮವರಿಗೆ ಎರಡನೆಯದು ಮಾತ್ರ ನೆನಪಿರುತ್ತದೆ.

ಇನ್ನು ಡಾಕ್ಟರ ವಿಷಯ. ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ ನಿಧಾನಕ್ಕೆ ಓದಿ. ಪ್ರವಾದಿ ಎಲೀಯ ಜೀವಭಯದಿಂದ ಕಾಡಿಗೆ ಓಡಿ, ‘ಸಾಕಪ್ಪಾ, ಪ್ರಾಣ ತೆಗೆದುಕೊ’ ಅಂತ ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ದೇವರು ಮಾತಾಡುವುದು ಅದೆಲ್ಲ ಆದ ಎಷ್ಟೋ ದಿನಕ್ಕೆ. ಮೈಗೆ ಬೇಕಾದದ್ದನ್ನು ಮೊದಲು ಕೊಡಬೇಕು. ನಿಮ್ಮ ಮೈಗೆ ಈಗ ಡಾಕ್ಟರು ಬೇಕು, ಅಷ್ಟೇ.

ನೀವು ಬರೆದದ್ದನ್ನು ನೋಡಿದರೆ ಇದು ಪ್ಯಾನಿಕ್ ಅಟ್ಯಾಕ್ ಇದ್ದ ಹಾಗಿದೆ. ಆದರೂ ಎದೆ ಬಡಿತದ ವಿಷಯ, ಒಂದು ಇಸಿಜಿ, ಥೈರಾಯ್ಡ್ ಮತ್ತು ರಕ್ತ ಪರೀಕ್ಷೆ ಮಾಡಿಸಿಬಿಡಿ. ಅವೆಲ್ಲ ಸರಿ ಇದ್ದರೆ ಮನೋವೈದ್ಯರು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಅಷ್ಟು ದೂರ ಹೋಗಲು ಆಗದಿದ್ದರೆ 14416ಕ್ಕೆ ಕರೆ ಮಾಡಿ, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಇದೆ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮಾತ್ರೆ ಕೊಟ್ಟರೆ ಎರಡು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಬೇಡಿ, ಇಂಥವು ಕೆಲಸ ಮಾಡಲು ಕೆಲವು ವಾರ ಬೇಕು. ಯಾರೋ ಕೊಟ್ಟ ನಿದ್ದೆ ಮಾತ್ರೆ ಮಾತ್ರ ನುಂಗಬೇಡಿ, ಅದು ಚಟವಾಗುತ್ತದೆ. ಕಾಫಿ ಕಮ್ಮಿ ಮಾಡಿ. ಮಲೆನಾಡಿನವರಿಗೆ ಹೇಳುವ ಮಾತಲ್ಲ ಗೊತ್ತು, ಆದರೂ ಎದೆ ಬಡಿತಕ್ಕೆ ಕಾಫಿ ಒಳ್ಳೆಯದಲ್ಲ.

ಅಟ್ಯಾಕ್ ಬಂದಾಗ ಏನು ಮಾಡೋದು? ಅಪಾಯ ಬಂತು ಅಂದುಕೊಂಡು ಮೈ ಅಡ್ರಿನಲಿನ್ ಸುರಿಸುತ್ತದೆ, ಅದಕ್ಕೇ ಬಡಿತ, ಬೆವರು, ನಡುಕ. ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಸಾಯಿಸುವುದಿಲ್ಲ. ಉಸಿರನ್ನು ನಿಧಾನ ಮಾಡಿದರೆ ಬೇಗ ಇಳಿಯುತ್ತದೆ, ಒಳಗೆಳೆದುಕೊಂಡದ್ದಕ್ಕಿಂತ ಬಿಡುವುದು ಉದ್ದ ಇರಲಿ. ಅದಕ್ಕೆ ನಿಮ್ಮ ಹತ್ತಿರ ಜಪಮಾಲೆ ಇದ್ದೇ ಇದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಸಂಶೋಧಕರ ಒಂದು ಲೇಖನ ಬಂತು. 23 ಜನರಿಂದ ಜಪಮಾಲೆಯ ‘ನಮೋ ಮರಿಯ’ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿ ನೋಡಿದರು. ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಯೋಗದ ಮಂತ್ರ ಹೇಳಿಸಿದಾಗಲೂ ಹಾಗೇ ಆಯಿತು ಅನ್ನಿ. ಹಾಗಾಗಿ ಮಣಿ ಹಿಡಿದು ಅವಸರ ಮಾಡದೆ, ಉಸಿರು ಬಿಡುತ್ತಾ ಹೇಳಿಕೊಳ್ಳಿ. ಗಂಡನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಬ್ಬರೇ ಅಡುಗೆಮನೆಯಲ್ಲಿ ಕೂತು ಅನುಭವಿಸಬೇಡಿ.

ಈಗ ಯಾರೂ ನಿಮಗೆ ಹೇಳದೇ ಇದ್ದ ಮಾತು. ನಿಮ್ಮ ಭಯದಲ್ಲಿ ಅರ್ಧ ಸರಿಯಾಗಿಯೇ ಇದೆ! ಮಳೆಯಲ್ಲಿ ಪಾಚಿ ಕಟ್ಟಿದ ಅಡಿಕೆ ಮರ ಜಾರುತ್ತದೆ, ಪ್ರಾರ್ಥನೆ ಮಾಡಿ ಹತ್ತಿದರೂ ಜಾರುತ್ತದೆ. ಗಂಡನ ಹತ್ತಿರ ‘ದೇವರು ಕಾಪಾಡ್ತಾನೆ ಬಿಡು’ ಅನ್ನುವ ಮಾತು ಬಿಟ್ಟು ದೋಟಿಯ, ಅಂದರೆ ಉದ್ದ ಕೋಲಿನ, ಮಾತು ಎತ್ತಿ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಔಷಧಿ ಹೊಡೆಯುತ್ತಾರೆ, ಅಡಿಕೆ ಗೊನೆಯನ್ನೂ ತೆಗೆಯುತ್ತಾರೆ. ಬೆಲೆ ಜಾಸ್ತಿ, ಒಬ್ಬರಿಗೆ ಆಗುವ ಮಾತಲ್ಲ. ಆದರೆ ಅವರು ಕೆಲಸಕ್ಕೆ ಹೋಗುವ ತೋಟಗಳ ಯಜಮಾನರು ನಾಲ್ಕೈದು ಜನ ಸೇರಿದರೆ ಒಂದು ಬರುತ್ತದೆ, ತೋಟಗಾರಿಕೆ ಇಲಾಖೆಯಲ್ಲಿ ಸಬ್ಸಿಡಿ ಇದೆಯಾ ಅಂತಲೂ ಕೇಳಲಿ. ‘ನನ್ನ ಬಾವಮೈದನಿಗೆ ಹೀಗಾಯಿತು, ಇನ್ನು ಮಳೆಯಲ್ಲಿ ಹತ್ತಲ್ಲ’ ಅಂತ ನಿಮ್ಮ ಗಂಡನೇ ಬಾಯಿ ಬಿಟ್ಟು ಹೇಳಬೇಕು. ಕೂಲಿ ಹೋಗುತ್ತದೆ ಅಂತ ಹಿಂಜರಿಯುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೂ ಮರ ಹತ್ತುವವರು ಎಲ್ಲೂ ಸಿಗದ ಈ ಕಾಲದಲ್ಲಿ ಯಜಮಾನರಿಗೂ ಅವರು ಬೇಕು.

ಚರ್ಚಿಗೆ ಹೋಗುವುದನ್ನು ಬಿಡಬೇಡಿ. ಹೆದರಿ ಬಿಟ್ಟಷ್ಟೂ ಆ ಜಾಗದ ಭಯ ಬೆಳೆಯುತ್ತದೆ. ಫಾದರ್‌ಗೆ ಮೊದಲೇ ಒಂದು ಮಾತು ಹೇಳಿಟ್ಟು ಕೊನೆಯ ಬೆಂಚಿನಲ್ಲಿ ಬಾಗಿಲ ಪಕ್ಕ ಕೂರಿ. ತಡೆಯಲಾಗದಿದ್ದರೆ ಹೊರಗೆ ಹೋಗಿ ನಿಂತು, ಇಳಿದ ಮೇಲೆ ಒಳಗೆ ಬನ್ನಿ. ಮೊದಲ ವಾರ ಪ್ರಸಂಗದವರೆಗೆ ಕೂತರೂ ಸಾಕು. ಆ ಅಕ್ಕ ಮತ್ತೆ ಕೇಳಿದರೆ ವಾದ ಮಾಡಬೇಡಿ, ‘ಡಾಕ್ಟರ ಹತ್ತಿರ ಹೋಗ್ತಾ ಇದ್ದೀನಿ ಅಕ್ಕಾ, ನೀವೂ ಪ್ರಾರ್ಥನೆ ಮಾಡಿ’ ಅನ್ನಿ. ದೋಟಿ ವಿಷಯಕ್ಕೆ ಮನೆಯವರು ಏನಂದರು ಅಂತ ಬರೆಯಿರಿ.